ಗಟ್ಟಿಯಾಗಿ ಹೊಲಿಯಿರಿ ಅನ್ನಬೇಡಿ

ರಿಪೇರಿಗೆ ಬಟ್ಟೆ ತರುವವರಲ್ಲಿ ಮುಕ್ಕಾಲು ಜನ ಹೇಳುವ ಮಾತು ಒಂದೇ. "ಅಕ್ಕಾ, ಸ್ವಲ್ಪ ಗಟ್ಟಿಯಾಗಿ ಹೊಲಿದುಕೊಡಿ, ಮತ್ತೆ ಬಿಡಬಾರದು." ಕೆಲವರು ಇನ್ನೂ ಮುಂದೆ ಹೋಗುತ್ತಾರೆ. "ಡಬಲ್ ಹೊಲಿಗೆ ಹಾಕಿ, ದಪ್ಪ ದಾರ ಹಾಕಿ, ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ." ಜಾಸ್ತಿ ದುಡ್ಡು ಕೊಟ್ಟು ಬಟ್ಟೆ ಹಾಳು ಮಾಡಿಸಿಕೊಳ್ಳುವ ದಾರಿ ಇದು. ಶಿವಮೊಗ್ಗದ ನನ್ನ ಅಂಗಡಿಯಲ್ಲಿ ನಿಂತು ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಒಂದು ಸಲ ಬರೆದೇಬಿಡೋಣ ಅಂತ ಕೂತಿದ್ದೇನೆ.

ಸೂಜಿಗೆ ದಾರ ಪೋಣಿಸುವುದು, ಗುಂಡಿ ಹಚ್ಚುವುದು, ಹೆಮ್ಮಿಂಗ್ ಮಾಡುವುದು ನಿಮಗೆ ಗೊತ್ತಿದೆ ಅಂದುಕೊಳ್ಳುತ್ತೇನೆ. ಗೊತ್ತಿಲ್ಲದಿದ್ದರೆ ಮನೆಯಲ್ಲಿ ಹಿರಿಯರನ್ನು ಕೇಳಿ, ಒಂದು ಸಂಜೆಯ ಕೆಲಸ. ನಾನು ಹೇಳಬೇಕಾದ ವಿಷಯ ಬೇರೆ. ಹೊಲಿಗೆ ಬಿಚ್ಚುವುದು ಒಂದು ಕಾಯಿಲೆ. ಬಟ್ಟೆ ಹರಿಯುವುದು ಇನ್ನೊಂದು ಕಾಯಿಲೆ. ನೀವು ಎರಡಕ್ಕೂ "ಹರಿದಿದೆ" ಅಂತೀರಿ, ಎರಡಕ್ಕೂ ಒಂದೇ ಔಷಧಿ ಕೇಳ್ತೀರಿ. ಅಲ್ಲೇ ತಪ್ಪುವುದು.

ಬಟ್ಟೆಯನ್ನು ಒಳಮೈ ಹೊರಗೆ ಬರುವ ಹಾಗೆ ತಿರುಗಿಸಿ ನೋಡಿ. ಎರಡೂ ಅಂಚು ಸರಿಯಾಗಿದ್ದು, ದಾರ ಮಾತ್ರ ಹೋಗಿ, ಸೂಜಿಯ ತೂತುಗಳು ಸಾಲಾಗಿ ಕಂಡರೆ ಅದು ಹೊಲಿಗೆ ಬಿಚ್ಚಿದ್ದು. ಐದು ನಿಮಿಷದ ಕೆಲಸ, ನೀವು ಕಾಯುತ್ತಾ ನಿಂತಿದ್ದಾಗಲೇ ಮುಗಿಸಿ ಕೊಡುತ್ತೇನೆ. ಆದರೆ ಹೊಲಿಗೆ ಹಾಗೇ ಇದ್ದು, ಅದರ ಪಕ್ಕದಲ್ಲೇ ಬಟ್ಟೆ ಸೀಳಿ, ಎಳೆಗಳು ಗಡ್ಡದ ಥರ ಜೋತಾಡುತ್ತಿದ್ದರೆ ಅದು ಬಟ್ಟೆ ಹರಿದದ್ದು. ಅಲ್ಲಿ ದಾರ ಗೆದ್ದಿದೆ, ಬಟ್ಟೆ ಸೋತಿದೆ. ಈಗ ಇನ್ನೂ ಗಟ್ಟಿ ದಾರ ಹಾಕಿ ಅಂದರೆ ಹೇಗೆ? ಆ ದಾರಕ್ಕೆ ಹಿಡಿದುಕೊಳ್ಳಲು ಬಟ್ಟೆಯೇ ಇಲ್ಲವಲ್ಲ.

ಲೆಕ್ಕ ನೋಡಿ. ಸಾಮಾನ್ಯವಾಗಿ ಮಷಿನ್‌ನಲ್ಲಿ ಹೊಲಿಗೆಯ ಉದ್ದ 2.5 ಮಿಲಿಮೀಟರ್ ಇಟ್ಟುಕೊಳ್ಳುತ್ತೇವೆ. ಅಂದರೆ ಒಂದು ಇಂಚಿಗೆ ಸುಮಾರು 10 ತೂತು. "ಒತ್ತೊತ್ತಾಗಿ ಹಾಕಿ" ಅಂದಿರಿ ಅಂತ ಅದನ್ನು 1.5ಕ್ಕೆ ಇಳಿಸಿದರೆ 17 ತೂತು. ಅದರ ಮೇಲೇ ಡಬಲ್ ಹೊಡೆದರೆ 34. ಹೊಸ ಬಟ್ಟೆಯಾದರೆ ತಡೆದುಕೊಳ್ಳುತ್ತದೆ. ಆದರೆ ನಾಲ್ಕೈದು ವರ್ಷ ಒಗೆದು ಸವೆದ ಬಟ್ಟೆಯಲ್ಲಿ ಹೀಗೆ ತೂತು ಹೊಡೆದರೆ ಅದು ಅಂಚೆಚೀಟಿಯ ಹಾಳೆ ಆಗುತ್ತದೆ. ಚೀಟಿ ಸಲೀಸಾಗಿ ಹರಿದು ಬರಲಿ ಅಂತಲೇ ಅಲ್ಲಿ ತೂತು ಹೊಡೆದಿರುತ್ತಾರೆ, ಅಲ್ವಾ? ನಿಮ್ಮ ಪ್ಯಾಂಟಿಗೂ ಅದನ್ನೇ ಮಾಡಿಸಿಕೊಳ್ಳುತ್ತಿದ್ದೀರಿ.

ದಾರದ ಕಥೆಯೂ ಇದೇ. ಈಗ ಬಹುತೇಕ ಎಲ್ಲರೂ ಬಳಸುವುದು ಪಾಲಿಯೆಸ್ಟರ್ ದಾರ. ಕೈಯಲ್ಲಿ ಎಳೆದರೆ ಬೆರಳು ಕೊಯ್ಯುತ್ತದೆ ಹೊರತು ತುಂಡಾಗುವುದಿಲ್ಲ. ಸವೆದ ಹತ್ತಿ ಬಟ್ಟೆಗೆ ಅಂಥ ದಾರ ಹಾಕಿದರೆ, ಕೂತು ಏಳುವಾಗ ಎಳೆತ ಬಿದ್ದಾಗ ಯಾವುದಾದರೂ ಒಂದು ಬಿಡಲೇಬೇಕು. ದಾರ ಬಿಟ್ಟರೆ ಮತ್ತೆ ಹೊಲಿಯಬಹುದು. ಬಟ್ಟೆ ಬಿಟ್ಟರೆ ತೇಪೆ. ಹಾಗಾಗಿ ರಿಪೇರಿಗೆ ಹಾಕುವ ದಾರ ಬಟ್ಟೆಗಿಂತ ಒಂದು ಕೈ ಕಡಿಮೆಯೇ ಇರಬೇಕು. ನನಗೆ ಕೆಲಸ ಕಲಿಸಿದ ಮಾಸ್ಟರ್ ಹಳೇ ಹತ್ತಿ ಬಟ್ಟೆಗೆ ಹತ್ತಿ ದಾರ ಬಿಟ್ಟು ಬೇರೆ ಮುಟ್ಟಲು ಬಿಡುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ ಬೈಗುಳ ಸಿಗುತ್ತಿತ್ತು, ಕಾರಣ ಸಿಗುತ್ತಿರಲಿಲ್ಲ.

ಮದುವೆ ಸೀಸನ್ ಶುರುವಾದ ಕೂಡಲೇ ಬರುವ ಒಬ್ಬರು ಅಮ್ಮ ಇದ್ದಾರೆ. ಒಂದು ಸಲ ಅವರ ರೇಷ್ಮೆ ಬ್ಲೌಸು ಕಂಕುಳ ಹತ್ತಿರ ಸೀಳಿತ್ತು. "ನಾನೇನು ದಪ್ಪ ಆಗಿಲ್ಲ ಕಣಮ್ಮ, ಬಟ್ಟೆ ಕುಗ್ಗಿದೆ" ಅಂತ ಮೊದಲೇ ಹೇಳಿಬಿಟ್ಟರು. ನಾನೂ ಹೌದೌದು ಅಂದೆ. ಅವರಿಗೆ ಬೇಕಾಗಿದ್ದದ್ದು ಸೀಳಿದ ಎರಡು ಅಂಚು ಹತ್ತಿರ ಎಳೆದು ಗಟ್ಟಿ ಹೊಲಿಗೆ. ಹಾಗೆ ಎಳೆದು ಹೊಲಿದರೆ ಆಗಲೇ ಬಿಗಿಯಾಗಿರುವ ಬ್ಲೌಸು ಇನ್ನೂ ಅರ್ಧ ಇಂಚು ಬಿಗಿಯಾಗುತ್ತದೆ, ಊಟಕ್ಕೆ ಕೂತಾಗ ಪಕ್ಕದಲ್ಲಿ ಇನ್ನೊಂದು ಸೀಳು. ಪುಣ್ಯಕ್ಕೆ ಆ ಬ್ಲೌಸನ್ನು ಮೊದಲು ಹೊಲಿದವರು ಯಾರೋ ಬುದ್ಧಿವಂತರು. ಎರಡೂ ಕಡೆ ಒಂದೂವರೆ ಇಂಚು ಬಟ್ಟೆ ಒಳಗೆ ಬಿಟ್ಟಿದ್ದಾರೆ. ಪಕ್ಕ ಬಿಚ್ಚಿ ಸಡಿಲ ಮಾಡಿ, ಕಂಕುಳಿಗೆ ಒಂದು ಪುಟ್ಟ ಚೌಕದ ತುಂಡು ಕೂಡಿಸಿ, ಸೀಳಿದ ಜಾಗದ ಹಿಂದೆ ತೆಳ್ಳನೆ ಲೈನಿಂಗ್ ಬಟ್ಟೆ ಇಟ್ಟು ಕೈಯಲ್ಲೇ ಹೊಲಿದೆ. ಹಳೇ ಜುಬ್ಬಾಗಳಲ್ಲಿ ಕಂಕುಳಲ್ಲಿ ಚೌಕದ ತುಂಡು ನೋಡಿರಬಹುದು, ಕೈ ಎತ್ತಿದಾಗ ಎಳೆತ ಹಂಚಿಹೋಗಲಿ ಅಂತಲೇ ಅದನ್ನು ಇಡುತ್ತಿದ್ದರು. "ಹೊಲಿಗೆ ಇಷ್ಟು ಮೆತ್ತಗಿದೆಯಲ್ಲ, ನಿಲ್ಲುತ್ತಾ?" ಅಂತ ಅಮ್ಮನಿಗೆ ಅನುಮಾನ. ಮೆತ್ತಗಿರುವುದಕ್ಕೇ ನಿಲ್ಲುತ್ತದೆ ಅಂದೆ. ನಂಬಲಿಲ್ಲ. ಬ್ಲೌಸು ಇನ್ನೂ ನಿಂತಿದೆ, ಅವರು ಈಗಲೂ ನಂಬಿಲ್ಲ.

ಜೀನ್ಸ್‌ನದ್ದು ಇನ್ನೊಂದು ದೊಡ್ಡ ಗೋಳು. ಕಾಲೇಜು ಹುಡುಗರು ತರುವ ಜೀನ್ಸ್ ಹೆಚ್ಚಾಗಿ ತೊಡೆಯ ಒಳಭಾಗದಲ್ಲಿ ಹೋಗಿರುತ್ತದೆ. ಬೈಕಿನ ಮೇಲೆ ಕೂತು, ನಡೆದು, ಉಜ್ಜಿ ಸವೆದ ಜಾಗ ಅದು. ಹುಡುಗ ತೋರಿಸುವುದು ಎಂಟಾಣೆ ಅಗಲದ ತೂತು. ನಾನು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ತೂತಿನ ಸುತ್ತ ಅಂಗೈ ಅಗಲ ಬಟ್ಟೆ ಜರಡಿಯಾಗಿರುತ್ತದೆ, ಬೆಳಕು ಹಾಗೇ ತೂರಿ ಬರುತ್ತದೆ. ಚಾಕ್ ತಗೊಂಡು ಬೆಳಕು ಕಾಣುವ ಅಷ್ಟೂ ಜಾಗಕ್ಕೆ ಗೆರೆ ಹಾಕುತ್ತೇನೆ. ಆ ಗೆರೆಯ ಆಚೆಗೆ ಇನ್ನೊಂದು ಇಂಚು, ಅಲ್ಲಿಂದ ಗಟ್ಟಿ ಬಟ್ಟೆ ಶುರು. ತೇಪೆ ಅಲ್ಲಿಯವರೆಗೂ ಹೋಗಬೇಕು. "ಅಯ್ಯೋ ಇಷ್ಟು ದೊಡ್ಡದಾ?" ಅಂತ ಹುಡುಗನ ಮುಖ ಸಣ್ಣದಾಗುತ್ತದೆ. ತೂತಿನಷ್ಟೇ ತೇಪೆ ಹಾಕಿದರೆ ಸವೆದ ಬಟ್ಟೆಗೆ ತೇಪೆ ಕಟ್ಟಿದಂತೆ, ಎರಡು ವಾರದಲ್ಲಿ ತೇಪೆಯ ಸುತ್ತ ದುಂಡಗೆ ಹರಿದು, ತೇಪೆ ಮಾತ್ರ ಹೊಚ್ಚ ಹೊಸದಾಗಿ ಕೈಗೆ ಬರುತ್ತದೆ.

ಜೀನ್ಸ್ ನೇಯುವಾಗ ಉದ್ದಕ್ಕೆ ಹೋಗುವ ಹಾಸಿನ ಎಳೆ ನೀಲಿ, ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆ ಬಿಳಿ. ಮಂಡಿಯ ಹತ್ತಿರ ಸವೆದಾಗ ಅಡ್ಡಡ್ಡ ಬಿಳಿ ಎಳೆಗಳು ಮಾತ್ರ ಉಳಿದಿರುವುದನ್ನು ನೋಡಿರುತ್ತೀರಿ. ಹೋಗಿರುವುದು ಉದ್ದದ ನೀಲಿ ಎಳೆ. ಅದಕ್ಕೇ ಹಿಂದೆ ತೇಪೆ ಇಟ್ಟು, ನೀಲಿ ದಾರದಲ್ಲಿ ಉದ್ದುದ್ದಕ್ಕೆ, ಮೇಲೆ ಕೆಳಗೆ, ಪಕ್ಕಪಕ್ಕದಲ್ಲಿ ಹೊಲಿಗೆ ಓಡಿಸಬೇಕು. ಸಾಲುಗಳು ಎಲ್ಲವೂ ಒಂದೇ ಕಡೆ ನಿಲ್ಲಬಾರದು. ಒಂದು ಸಾಲು ಉದ್ದ, ಒಂದು ಗಿಡ್ಡ. ಎಲ್ಲ ಒಂದೇ ನೇರಕ್ಕೆ ನಿಂತರೆ ಆ ನೇರಕ್ಕೇ ಹರಿಯುತ್ತದೆ. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಿ. ಅಂಚನ್ನು ಒಳಗೆ ಮಡಚಿ ಹೊಲಿಯಬೇಡಿ, ಮಡಿಕೆ ದಪ್ಪ ಗೆರೆಯಾಗಿ ತೊಡೆಗೂ ಉಜ್ಜುತ್ತದೆ, ಬಟ್ಟೆಯನ್ನೂ ಕೊಯ್ಯುತ್ತದೆ. ಇಸ್ತ್ರಿ ಹಾಕಿ ಅಂಟಿಸುವ ದಪ್ಪ ಕ್ಯಾನ್ವಾಸ್‌ಗೂ ಇದೇ ದೋಷ. ಅಂಟಿಸಿದ ಜಾಗ ರಟ್ಟಿನಂತೆ ನಿಲ್ಲುತ್ತದೆ, ಮೆತ್ತಗಿನ ಬಟ್ಟೆ ಅದರ ಅಂಚಿನಲ್ಲಿ ಮಡಚಿ ಮಡಚಿ ತುಂಡಾಗುತ್ತದೆ. ತೇಪೆಯ ಬಟ್ಟೆ ಹತ್ತಿಯದ್ದಾದರೆ ಮೊದಲು ಒಗೆದು ಒಣಗಿಸಿ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಕುಗ್ಗುವಾಗ ಹಳೇ ಬಟ್ಟೆಯನ್ನೂ ಎಳೆದುಕೊಂಡು ಹೋಗುತ್ತದೆ.

ನಮ್ಮಲ್ಲಿ ಕೌದಿ ಹೊಲಿಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಳೇ ಸೀರೆ, ಹಳೇ ಪಂಚೆ, ಉಟ್ಟು ಉಟ್ಟು ಜೀವ ಹೋದ ಬಟ್ಟೆಗಳನ್ನೇ ಪದರ ಪದರವಾಗಿ ಹಾಸಿ, ಸಾದಾ ಓಟದ ಹೊಲಿಗೆ ಹಾಕುತ್ತಾರೆ. ಅಂಥ ಗಟ್ಟಿ ದಾರವೇನೂ ಇಲ್ಲ. ಆದರೆ ಹೊಲಿಗೆ ಇಡೀ ಮೈಮೇಲೆ ಹರಡಿರುತ್ತದೆ. ಯಾವ ಒಂದು ಸಾಲಿನ ಮೇಲೂ ಪೂರ್ತಿ ಭಾರ ಬೀಳುವುದಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು, ಅವರು ಕವಂದಿ ಅನ್ನುವುದನ್ನು, ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಅಂಚಿನಿಂದ ಶುರುಮಾಡಿ ಸುತ್ತ ಸುತ್ತ ಬಂದು ನಡುವಿಗೆ ಮುಗಿಸುತ್ತಾರೆ. ನನ್ನ ಮಷಿನ್‌ನಲ್ಲಿ ಅದು ಆಗುವುದಿಲ್ಲ.

ಇಳಕಲ್ ಸೀರೆಯಲ್ಲಿ ಇನ್ನೊಂದು ಚಂದ ಇದೆ. ಮೈ ಹತ್ತಿಯದ್ದು, ಸೆರಗು ರೇಷ್ಮೆಯದ್ದು ಇದ್ದಾಗ ಎರಡನ್ನೂ ಸೂಜಿಯಿಂದ ಹೊಲಿದಿರುವುದಿಲ್ಲ. ಮಗ್ಗದ ಮೇಲೇ ಮೈಯ ಹಾಸಿನ ಎಳೆಗೆ ಸೆರಗಿನ ಎಳೆಯನ್ನು ಕುಣಿಕೆಗೆ ಕುಣಿಕೆ ಸಿಕ್ಕಿಸುತ್ತಾರೆ. ತೋಪು ತೆನಿ ಅನ್ನುತ್ತಾರೆ. ಬಟ್ಟೆಗೆ ಒಂದೂ ತೂತಿಲ್ಲ, ಜೋಡಣೆ ಎಷ್ಟು ವರ್ಷವಾದರೂ ಅಲುಗುವುದಿಲ್ಲ. ವಿಷಯ ಸ್ವಲ್ಪ ಆಚೆ ಹೋಯಿತು, ಆದರೆ ಇದನ್ನು ಹೇಳದೆ ಇರಲು ಆಗಲಿಲ್ಲ.

ಇನ್ನು ದುಡ್ಡಿನ ಮಾತು. "ಇಷ್ಟಕ್ಕೆ ಹೊಸದೇ ಬರುತ್ತಲ್ಲಕ್ಕ" ಅಂತ ದಿನಾ ಕೇಳುತ್ತೇನೆ. ಬರುತ್ತೆ, ನಿಜ. ಫುಟ್‌ಪಾತ್‌ನಲ್ಲೂ ಬರುತ್ತೆ, ಫೋನ್‌ನಲ್ಲೂ ಬರುತ್ತೆ. ಬಂದದ್ದನ್ನು ಒಳಗೆ ತಿರುಗಿಸಿ ನೋಡಿದ್ದೀರಾ? ಓವರ್‌ಲಾಕ್ ಮಷಿನ್ ಹೊಲಿಯುತ್ತಲೇ ಬ್ಲೇಡ್‌ನಲ್ಲಿ ಅಂಚು ಕತ್ತರಿಸಿಕೊಂಡು ಹೋಗುತ್ತದೆ. ಒಳಗೆ ಉಳಿಯುವುದು ಒಂದು ಬೆರಳಿನಷ್ಟೂ ಇಲ್ಲ. ಆರು ತಿಂಗಳು ಬಿಟ್ಟು "ಸ್ವಲ್ಪ ಲೂಸ್ ಮಾಡಿ" ಅಂತ ತಂದರೆ ನಾನು ಬಟ್ಟೆ ಎಲ್ಲಿಂದ ತರಲಿ? ಹಾಗಾಗಿ ಕೊಳ್ಳುವಾಗ ಬಣ್ಣ ನೋಡಿ ಆದ ಮೇಲೆ ಒಂದು ನಿಮಿಷ ಒಳಮೈ ನೋಡಿ. ಪ್ಯಾಂಟಿನ ಹಿಂಭಾಗದ ನಡು ಹೊಲಿಗೆಯಲ್ಲಿ ಒಂದು ಇಂಚಾದರೂ ಬಟ್ಟೆ ಇದೆಯಾ? ಕಾಲಿನ ತುದಿಯಲ್ಲಿ ಮಡಿಕೆ ಇದೆಯಾ? ಬೆಳಕಿಗೆ ಹಿಡಿದರೆ ಹೊಸದರಲ್ಲೇ ಜರಡಿ ಕಾಣುತ್ತಾ? ಟೈಲರ್ ಹತ್ತಿರ ಹೊಲಿಸಿದರೆ "ಒಳಗೆ ಯಾಕೆ ಇಷ್ಟು ಬಟ್ಟೆ, ದಪ್ಪ ಕಾಣುತ್ತೆ, ಕತ್ತರಿಸಿಬಿಡಿ" ಅನ್ನಬೇಡಿ. ಅದು ನಿಮ್ಮ ಮುಂದಿನ ಐದು ವರ್ಷದ ಬ್ಲೌಸು.

ಎಲ್ಲವನ್ನೂ ಉಳಿಸಬಹುದು ಅಂತ ನಾನು ಹೇಳುತ್ತಿಲ್ಲ. ಎಲಾಸ್ಟಿಕ್ ಎಳೆ ಸತ್ತ ಲೆಗ್ಗಿಂಗ್ಸ್ ಅಲೆಯಲೆಯಾಗಿ ಜೋತುಬಿದ್ದಿದ್ದರೆ ಬಿಟ್ಟುಬಿಡಿ, ಅದಕ್ಕೆ ಹೊಲಿಗೆಯಲ್ಲಿ ಉತ್ತರವಿಲ್ಲ. ಜರಿ ಅಂಚಿನ ಹಳೇ ರೇಷ್ಮೆ ಸೀರೆ ಮಡಿಕೆಯ ಗೆರೆಯಲ್ಲೇ ಸೀಳತೊಡಗಿದರೆ ಹಿಂದೆ ನೆಟ್ ಕೊಟ್ಟು ನಿಲ್ಲಿಸಬಹುದು, ಆದರೆ ಆಮೇಲೆ ಅದು ಪೂಜೆಗೆ ಒಂದು ಗಂಟೆ ಉಡುವ ಸೀರೆ, ಓಡಾಡುವ ಸೀರೆಯಲ್ಲ. ಬೀರುವಿನಲ್ಲಿ ಇಟ್ಟ ಸೀರೆಗಳ ಮಡಿಕೆಯನ್ನು ಆಗಾಗ ಬದಲಿಸಿ ಅಂತ ಎಷ್ಟು ಸಲ ಹೇಳಿದ್ದೇನೋ. ನಮ್ಮ ಮಲೆನಾಡಿನ ಮಳೆಯಲ್ಲಿ ಇನ್ನೊಂದು ತೊಂದರೆ. ಸರಿಯಾಗಿ ಒಣಗದೆ ಬೂಸ್ಟು ಹಿಡಿದ ಹತ್ತಿ ಬಟ್ಟೆ, ಒಗೆದ ಮೇಲೆ ನೋಡಲು ಚೆನ್ನಾಗೇ ಕಾಣುತ್ತದೆ, ಆದರೆ ಎಳೆ ಕೊಳೆತಿರುತ್ತದೆ. ಅಂಥದ್ದನ್ನು ಎರಡು ಹೆಬ್ಬೆರಳಿನ ನಡುವೆ ಹಿಡಿದು ಮೆಲ್ಲಗೆ ಎಳೆದು ನೋಡಿಯೇ ನಾನು ಕೆಲಸ ಒಪ್ಪಿಕೊಳ್ಳುವುದು. ಪರ್ ಅಂದರೆ ವಾಪಸ್. ಮುಖ ನೋಡಿ ಪಾಪ ಅನ್ನಿಸಿದರೂ ವಾಪಸ್.

ಇದಕ್ಕೆ ಎದುರಾಗಿ, ಸುಮ್ನೆ ಎಸೆಯುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಒಳ್ಳೇ ಶರ್ಟು, ಕಾಲರ್‌ನ ಮಡಿಕೆ ಸವೆದಿದೆ ಅಂತ ನೆಲ ಒರೆಸಲು ಹಾಕುತ್ತಾರೆ. ಆ ಕಾಲರ್ ಬಿಚ್ಚಿ, ತಿರುಗಿಸಿ, ಸವೆದ ಮುಖ ಕೆಳಗೆ ಬರುವ ಹಾಗೆ ಮತ್ತೆ ಕೂರಿಸಿದರೆ ಶರ್ಟಿಗೆ ಇನ್ನೊಂದು ಆಯಸ್ಸು. ಈ ಕೆಲಸ ಈಗ ಕೇಳುವವರೇ ಇಲ್ಲ, ಮಾಡಿಕೊಡುವವರೂ ಕಡಿಮೆ. ಮೊನ್ನೆ ರಿಟೈರ್ಡ್ ಮೇಷ್ಟ್ರೊಬ್ಬರು ಬಂದು "ಕಾಲರ್ ತಿರುಗಿಸೋದು ಗೊತ್ತಾ ನಿಮಗೆ?" ಅಂತ ಪರೀಕ್ಷೆ ಮಾಡುವ ಹಾಗೆ ಕೇಳಿದರು. ಗೊತ್ತು ಸಾರ್ ಅಂದೆ. ಮರುದಿನ ಒಂದು ಚೀಲ ಶರ್ಟು ತಂದು ಸುರಿದರು, ಎಲ್ಲ ತಿಳಿ ನೀಲಿ.

ಕೊನೆಗೆ ಒಂದು ಕೇಳಿಕೆ. ಹೊಸ ಜೀನ್ಸ್ ಉದ್ದ ಕಡಿಮೆ ಮಾಡಿಸಿದಾಗ ಕತ್ತರಿಸಿದ ತುಂಡು ಬೇಕಾ ಅಂತ ಕೇಳಿದರೆ ಎಲ್ಲರೂ "ಬೇಡ ಬಿಡಿ" ಅನ್ನುತ್ತೀರಿ. ತಗೊಂಡು ಹೋಗಿ. ಜೀನ್ಸ್ ಒಗೆಯುವಾಗೆಲ್ಲ ಆ ತುಂಡನ್ನೂ ಜೇಬಿಗೆ ಪಿನ್ ಮಾಡಿ ಒಗೆಯಿರಿ, ಎರಡೂ ಒಟ್ಟಿಗೆ ಕುಗ್ಗಲಿ, ಒಟ್ಟಿಗೆ ಬಣ್ಣ ಬಿಡಲಿ. ತೊಡೆಯ ಹತ್ತಿರ ಬಟ್ಟೆ ತೆಳ್ಳಗಾಗಿದೆ ಅನ್ನಿಸಿದಾಗ, ತೂತು ಬೀಳುವ ಮೊದಲೇ, ಪ್ಯಾಂಟಿನ ಜೊತೆ ಅದನ್ನೂ ತನ್ನಿ. ಒಗೆದು ತನ್ನಿ. ಜೇಬು ಖಾಲಿ ಮಾಡಿ ತನ್ನಿ.