ಬೇಕಾದ ಆಟಗಾರನನ್ನು ದುಡ್ಡು ಕೊಟ್ಟು ತರಬಾರದಾ?

ಪ್ರಶ್ನೆ: ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ನಾನು ಫೀನಿಕ್ಸ್ ಸನ್ಸ್ ಕಡೆಯವನು. ಸೀಸನ್ ಮುಗೀತು ಅಂದ್ರೆ ಗೆಳೆಯರ ನಡುವೆ ಟ್ರೇಡ್ ವಿಷಯಕ್ಕೆ ದಿನಾ ವಾದ. ‘ಇವರನ್ನು ಕೊಟ್ಟು ಅವರನ್ನು ತರಲಿ’ ಅಂತ ನಾನು ಏನೇ ಹೇಳಿದರೂ ‘ಸಂಬಳ ಹೊಂದಲ್ಲ’ ಅಂತ ಯಾರಾದರೂ ಬಾಯಿ ಮುಚ್ಚಿಸುತ್ತಾರೆ. ಮಾಲೀಕರ ಹತ್ತಿರ ದುಡ್ಡಿಗೇನು ಬರ? ಬೇಕಾದ ಆಟಗಾರನನ್ನು ಸುಮ್ನೆ ದುಡ್ಡು ಕೊಟ್ಟು ತರಬಾರದಾ? ಕೆವಿನ್ ಡ್ಯುರಾಂಟ್ ಅಂಥವರನ್ನು ಅಷ್ಟು ಅಗ್ಗಕ್ಕೆ ಯಾಕೆ ಬಿಟ್ಟುಕೊಟ್ಟರು?

ಉತ್ತರ: ಹಾಗೆ ತರಲು ಬರುವುದಿಲ್ಲ. ಆದರೆ ಈ ಪ್ರಶ್ನೆ ನಮ್ಮಲ್ಲಿ ತುಂಬಾ ಜನ ಕೇಳುತ್ತಾರೆ, ಅದಕ್ಕೆ ಕಾರಣವೂ ಇದೆ. ನಮಗೆ ಚೆನ್ನಾಗಿ ಗೊತ್ತಿರುವ ಲೀಗ್ ಐಪಿಎಲ್. 2023ರ ನವೆಂಬರ್‌ನಲ್ಲಿ ಆರ್‌ಸಿಬಿ ಕ್ಯಾಮರಾನ್ ಗ್ರೀನ್ ಅವರನ್ನು ಮುಂಬೈ ಇಂಡಿಯನ್ಸ್‌ನಿಂದ ತಂದದ್ದು ನೆನಪಿರಬಹುದು. 17.5 ಕೋಟಿ ರೂಪಾಯಿ ವ್ಯವಹಾರ, ಬದಲಿಗೆ ನಮ್ಮ ಕಡೆಯಿಂದ ಒಬ್ಬ ಆಟಗಾರನೂ ಹೋಗಲಿಲ್ಲ. ಯುರೋಪಿನ ಫುಟ್‌ಬಾಲ್‌ನಲ್ಲೂ ಅಷ್ಟೇ, ದುಡ್ಡು ಎಣಿಸಿದವರಿಗೆ ಆಟಗಾರ.

ಎನ್‌ಬಿಎಯಲ್ಲಿ ಕೈ ಬದಲಾಗುವುದು ಆಟಗಾರನ ಕಾಂಟ್ರಾಕ್ಟ್. ಅವನಿಗೆ ಇನ್ನೆಷ್ಟು ವರ್ಷ, ವರ್ಷಕ್ಕೆ ಎಷ್ಟು ಸಂಬಳ ಅಂತ ಮೊದಲೇ ಬರೆದಿರುತ್ತದೆ. ಅದನ್ನು ಹೊಸ ತಂಡ ಹಾಗೇ ಹೊತ್ತುಕೊಳ್ಳಬೇಕು. ತಂಡದ ಒಟ್ಟು ಸಂಬಳ ಲೀಗ್ ಹಾಕಿದ ಮಿತಿ ಮೀರಿದ್ದರೆ, ಬರುವ ಸಂಬಳಕ್ಕೆ ಹತ್ತಿರ ಹತ್ತಿರ ಅಷ್ಟೇ ಸಂಬಳವನ್ನು ಆಚೆ ಕಳಿಸಬೇಕು. ಹೆಚ್ಚೂಕಮ್ಮಿ ಎಲ್ಲ ಒಳ್ಳೆಯ ತಂಡಗಳೂ ಆ ಮಿತಿ ಮೀರಿಯೇ ಇರುತ್ತವೆ. ನಿಮ್ಮ ಗೆಳೆಯರು ‘ಹೊಂದಲ್ಲ’ ಅನ್ನುವುದು ಈ ಲೆಕ್ಕವನ್ನೇ.

ಮಿತಿ ಅಂದರೆ ಒಂದೇ ಗೆರೆ ಅಲ್ಲ, ಒಂದರ ಮೇಲೊಂದು ಇವೆ. 2025-26ರ ಸೀಸನ್‌ಗೆ ಸ್ಯಾಲರಿ ಕ್ಯಾಪ್ ಸುಮಾರು 15.46 ಕೋಟಿ ಡಾಲರ್. ಇದನ್ನು ದಾಟಬಹುದು, ತನ್ನದೇ ಆಟಗಾರರನ್ನು ಉಳಿಸಿಕೊಳ್ಳಲು ತಂಡಗಳು ದಾಟುತ್ತಲೇ ಇರುತ್ತವೆ. 18.79 ಕೋಟಿ ದಾಟಿದರೆ ಲಕ್ಷುರಿ ಟ್ಯಾಕ್ಸ್, ಅಂದರೆ ಲೀಗ್‌ಗೆ ಕಟ್ಟುವ ದಂಡ. ಅದರ ಮೇಲೆ ‘ಏಪ್ರನ್’ ಅನ್ನುವ ಎರಡು ಗೆರೆ: 19.59 ಕೋಟಿಗೆ ಮೊದಲನೇ ಏಪ್ರನ್, 20.78 ಕೋಟಿಗೆ ಎರಡನೇ ಏಪ್ರನ್. ಟ್ಯಾಕ್ಸ್ ಏನೋ ಶ್ರೀಮಂತ ಮಾಲೀಕ ಕಟ್ಟಿಬಿಡುತ್ತಾನೆ. ಏಪ್ರನ್ ವಿಷಯ ಹಾಗಲ್ಲ. ಅಲ್ಲಿ ದುಡ್ಡು ಕೊಟ್ಟು ಪಾರಾಗುವ ದಾರಿಯೇ ಇಲ್ಲ, ನಿಮ್ಮ ಕೈ ಕಟ್ಟಿಹಾಕುತ್ತಾರೆ.

ಎರಡನೇ ಏಪ್ರನ್ ಬಂದದ್ದು 2023ರ ಹೊಸ ಒಪ್ಪಂದದಲ್ಲಿ, ಲೀಗ್ ಮತ್ತು ಆಟಗಾರರ ಸಂಘದ ನಡುವೆ. ಅದನ್ನು ದಾಟಿದ ತಂಡ ಟ್ರೇಡ್‌ನಲ್ಲಿ ನಗದು ಸೇರಿಸುವ ಹಾಗಿಲ್ಲ. ಕೊಟ್ಟದ್ದಕ್ಕಿಂತ ಒಂದು ಡಾಲರ್ ಜಾಸ್ತಿ ಸಂಬಳ ತರುವ ಹಾಗಿಲ್ಲ. ಇಬ್ಬರು ಆಟಗಾರರ ಸಂಬಳ ಕೂಡಿಸಿ ಅದರ ಬದಲು ಒಬ್ಬ ದೊಡ್ಡ ಆಟಗಾರನನ್ನು ತರುವ ಹಾಗಿಲ್ಲ. ಏಳು ವರ್ಷ ಮುಂದಿನ ಮೊದಲ ಸುತ್ತಿನ ಡ್ರಾಫ್ಟ್ ಪಿಕ್ (ವರ್ಷಕ್ಕೊಮ್ಮೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ತಂಡದ ಸರದಿ) ಕೂಡ ಫ್ರೀಜ್ ಆಗುತ್ತದೆ, ಅಂದರೆ ಅದನ್ನು ಯಾರಿಗೂ ಕೊಡಲಾಗದು. ನೀವು ಟ್ರೇಡ್ ಬಗ್ಗೆ ವಾದ ಮಾಡುವಾಗ ಈ ನಾಲ್ಕರಲ್ಲಿ ಮೂರನೆಯದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಅಭಿಮಾನಿಗಳು ಕಟ್ಟುವ ಟ್ರೇಡ್‌ಗಳಲ್ಲಿ ಮುಕ್ಕಾಲು ಪಾಲು ಮುಗ್ಗರಿಸುವುದು ಅಲ್ಲೇ.

ಇದು ಸನ್ಸ್ ಅಭಿಮಾನಿಗಳಿಗೆ ಅರ್ಥವಾದಷ್ಟು ಬೇರೆ ಯಾರಿಗೂ ಆಗಿರಲಿಕ್ಕಿಲ್ಲ. 1968ರಲ್ಲಿ ಹುಟ್ಟಿದ ತಂಡ. 1976, 1993, 2021ರಲ್ಲಿ ಫೈನಲ್ಸ್ ಆಡಿತು, ಮೂರೂ ಸಲ ಸೋತಿತು. ಒಂದು ಪ್ರಶಸ್ತಿಯೂ ಇಲ್ಲ. ಹಾಗಾಗಿ 2023ರ ಫೆಬ್ರವರಿಯಲ್ಲಿ ಮ್ಯಾಟ್ ಇಷ್ಬಿಯಾ ಮಾಲೀಕರಾಗಿ ಬಂದ ವಾರವೇ ಬ್ರೂಕ್ಲಿನ್ ನೆಟ್ಸ್ ತಂಡದಿಂದ ಡ್ಯುರಾಂಟ್ ಬಂದಾಗ ಆದ ಸಂಭ್ರಮ ಸುಳ್ಳಲ್ಲ. ಆದರೆ ಬೆಲೆ ನೋಡಿ: ಮಿಕಾಲ್ ಬ್ರಿಜಸ್, ಕ್ಯಾಮ್ ಜಾನ್ಸನ್, ಜೇ ಕ್ರೌಡರ್, ಜೊತೆಗೆ 2023, 2025, 2027, 2029ರ ಮೊದಲ ಸುತ್ತಿನ ಪಿಕ್‌ಗಳು. ಮುಂದಿನ ವರ್ಷ ಬ್ರೂಕ್ಲಿನ್‌ನವರು ಬ್ರಿಜಸ್ ಒಬ್ಬರನ್ನೇ ನ್ಯೂಯಾರ್ಕ್ ನಿಕ್ಸ್‌ಗೆ ಕೊಟ್ಟು ಐದು ಮೊದಲ ಸುತ್ತಿನ ಪಿಕ್ ತಗೊಂಡರು.

ಬೆಸ ವರ್ಷಗಳೇ ಯಾಕೆ ಅಂತ ಕೇಳಬಹುದು. 1980ರ ದಶಕದ ಶುರುವಿನಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಟೆಡ್ ಸ್ಟೆಪಿಯನ್ ಸಿಕ್ಕಸಿಕ್ಕವರಿಗೆ ಪಿಕ್ ಹಂಚಿ ತಂಡವನ್ನು ನೆಲಕಚ್ಚಿಸಿದ್ದರು. ಆಮೇಲೆ ಲೀಗ್ ಒಂದು ನಿಯಮ ತಂದಿತು, ಮುಂದಿನ ವರ್ಷಗಳ ಮೊದಲ ಸುತ್ತಿನ ಪಿಕ್‌ಗಳನ್ನು ಸಾಲಾಗಿ ಎರಡು ವರ್ಷ ಕೊಡುವಂತಿಲ್ಲ. ಇವತ್ತಿಗೂ ಅದಕ್ಕೆ ಅವರದೇ ಹೆಸರು. ಹಾಗಾಗಿ ಒಂದು ವರ್ಷ ಬಿಟ್ಟು ಒಂದು ವರ್ಷ ಕೊಡುತ್ತಾರೆ. ನಡುವಿನ ವರ್ಷಗಳಲ್ಲಿ ‘ಸ್ವಾಪ್’ ಕೊಡುತ್ತಾರೆ. ಅಂದರೆ ಇಬ್ಬರ ಪಿಕ್‌ನಲ್ಲಿ ಯಾವುದು ಒಳ್ಳೆಯದೋ ಅದು ಅವರಿಗೆ, ಉಳಿದದ್ದು ನಮಗೆ.

ಇಲ್ಲಿ ನನ್ನ ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಡ್ಯುರಾಂಟ್‌ಗೆ ಅಷ್ಟು ಕೊಟ್ಟದ್ದು ದುಬಾರಿಯೇ. ಆದರೂ ಸನ್ಸ್ ಮುಳುಗಿದ್ದು ಅದರಿಂದಲ್ಲ. ಮುಳುಗಿಸಿದ್ದು ನಾಲ್ಕು ತಿಂಗಳ ನಂತರ, ಜೂನ್‌ನಲ್ಲಿ ಆದ ಬ್ರಾಡ್ಲಿ ಬೀಲ್ ಟ್ರೇಡ್. ಕಾಗದದ ಮೇಲೆ ಅದು ಅಗ್ಗ. ಕ್ರಿಸ್ ಪಾಲ್, ಲ್ಯಾಂಡ್ರಿ ಶಾಮೆಟ್, ಒಂದಷ್ಟು ಎರಡನೇ ಸುತ್ತಿನ ಪಿಕ್, ಸ್ವಾಪ್‌ಗಳು. ಇಷ್ಟಕ್ಕೆ ಮೂರು ಸಲದ ಆಲ್‌ಸ್ಟಾರ್! ಆಗ ಆ ಟ್ರೇಡ್ ಹೊಗಳಿದವರ ಮೇಲೆ ನನಗೆ ಸಿಟ್ಟಿಲ್ಲ, ಹೆಸರು ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ನೋಡಬೇಕಿದ್ದದ್ದು ಅವರ ಕಾಂಟ್ರಾಕ್ಟ್. ಅವರ ಹಿಂದಿನ ತಂಡ ವಾಷಿಂಗ್ಟನ್‌ನವರು 2022ರಲ್ಲಿ ಬೀಲ್‌ಗೆ ಐದು ವರ್ಷಕ್ಕೆ 25.1 ಕೋಟಿ ಡಾಲರ್ ಬರೆದುಕೊಟ್ಟಿದ್ದರು. ಅದರಲ್ಲಿ ಇನ್ನೊಂದು ಷರತ್ತು ಇತ್ತು. ಬೀಲ್ ಒಪ್ಪದೆ ಅವರನ್ನು ಯಾವ ತಂಡಕ್ಕೂ ಟ್ರೇಡ್ ಮಾಡುವಂತಿಲ್ಲ. ಇಡೀ ಲೀಗ್‌ನಲ್ಲಿ ಇಂಥ ಷರತ್ತು ಇರುವವರು ಬೆರಳೆಣಿಕೆಯಷ್ಟು. ಟ್ರೇಡ್ ಆದ ಮೇಲೂ ಆ ಷರತ್ತು ಅವರ ಜೊತೆಗೇ ಫೀನಿಕ್ಸ್‌ಗೆ ಬಂತು.

2024-25ರ ಸಂಬಳ ಪಟ್ಟಿ ಒಮ್ಮೆ ನೋಡೋಣ. ಡ್ಯುರಾಂಟ್ 5.12 ಕೋಟಿ, ಬೀಲ್ 5.02 ಕೋಟಿ, ಡೆವಿನ್ ಬುಕರ್ 4.92 ಕೋಟಿ. ಕೂಡಿಸಿದರೆ 15 ಕೋಟಿ ದಾಟುತ್ತದೆ. ಆ ವರ್ಷದ ಸ್ಯಾಲರಿ ಕ್ಯಾಪ್ 14.06 ಕೋಟಿ. ಮೂರೇ ಜನರಿಗೆ ಇಡೀ ಕ್ಯಾಪ್‌ಗಿಂತ ಜಾಸ್ತಿ! ಉಳಿದವರಿಗೆ ಕೊಟ್ಟದ್ದೆಲ್ಲ ಮೇಲಿನ ಲೆಕ್ಕ. ಲಕ್ಷುರಿ ಟ್ಯಾಕ್ಸ್ ಒಂದೇ 15 ಕೋಟಿ ಡಾಲರ್ ಮೇಲಾಯಿತು.

ಆ ಚಳಿಗಾಲದಲ್ಲಿ ಜಿಮ್ಮಿ ಬಟ್ಲರ್ ಮಯಾಮಿ ಬಿಡಬೇಕು ಅಂತ ಹಟ ಹಿಡಿದಿದ್ದರು. ಫೀನಿಕ್ಸ್‌ಗೆ ಬಟ್ಲರ್ ಬೇಕಾಗಿದ್ದರು. ಅವರ ಸಂಬಳ 4.88 ಕೋಟಿ. ಸನ್ಸ್ ಎರಡನೇ ಏಪ್ರನ್ ದಾಟಿದ ತಂಡ, ಇಬ್ಬರು ಮೂವರ ಸಂಬಳ ಕೂಡಿಸುವಂತಿಲ್ಲ. ಯೂಸುಫ್ ನುರ್ಕಿಚ್ ಮತ್ತು ಗ್ರೇಸನ್ ಅಲೆನ್ ಅವರದನ್ನು ಕೂಡಿಸಿ 3.3 ಕೋಟಿಯ ಒಬ್ಬರನ್ನು ತರುವುದಕ್ಕೂ ಅನುಮತಿ ಇಲ್ಲ. ಒಬ್ಬರ ಬದಲು ಒಬ್ಬರೇ ಹೋಗಬೇಕು, ಆ ಒಬ್ಬರ ಸಂಬಳ 4.88 ಕೋಟಿಗೆ ಕಮ್ಮಿ ಇರಬಾರದು. ಹಾಗಿದ್ದವರು ತಂಡದಲ್ಲಿ ಮೂವರೇ. ಬುಕರ್ ಅವರನ್ನು ಕೊಡುವ ಮಾತೇ ಇಲ್ಲ. ಡ್ಯುರಾಂಟ್ ಅವರನ್ನು ಇಟ್ಟುಕೊಂಡು ಆಡಲಿಕ್ಕೇ ತಾನೆ ಬಟ್ಲರ್ ಬೇಕಾಗಿದ್ದು? ಉಳಿದವರು ಬೀಲ್. ಅವರು ‘ಒಲ್ಲೆ’ ಅಂದರೆ ಮುಗೀತು. ಕೊನೆಗೆ ಬಟ್ಲರ್ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೆ ಹೋದರು.

ಸೀಸನ್ ಮುಗಿದಾಗ ಸನ್ಸ್ 36 ಗೆದ್ದು 46 ಸೋತು ಪಶ್ಚಿಮ ವಿಭಾಗದಲ್ಲಿ 11ನೇ ಸ್ಥಾನದಲ್ಲಿತ್ತು. ಪ್ಲೇಆಫ್ ಕೂಡ ಇಲ್ಲ. ಮಾಂಟಿ ವಿಲಿಯಮ್ಸ್, ಫ್ರಾಂಕ್ ವೋಗೆಲ್ ಆದ ಮೇಲೆ ಮೈಕ್ ಬುಡೆನ್‌ಹೋಲ್ಜರ್ ಅವರನ್ನೂ ಮನೆಗೆ ಕಳಿಸಿದರು. ಮೂರು ವರ್ಷಕ್ಕೆ ಮೂರು ಕೋಚ್. ಕೋಚ್ ಬದಲಿಸಲು ಯಾವ ಏಪ್ರನ್ನೂ ಅಡ್ಡ ಬರುವುದಿಲ್ಲ, ಅದಕ್ಕೇ ತಪ್ಪೆಲ್ಲ ಅವರ ತಲೆಗೇ ಬಂತು ಅನ್ನಿಸುತ್ತದೆ ನನಗೆ. ಅದು ನ್ಯಾಯವಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಡ್ಯುರಾಂಟ್ ಅವರನ್ನು ಅಗ್ಗಕ್ಕೆ ಬಿಟ್ಟರಾ?

2025ರ ಜೂನ್ 22ರಂದು ಸುದ್ದಿ ಬಂತು. ಡ್ಯುರಾಂಟ್ ಆಗ ನ್ಯೂಯಾರ್ಕ್‌ನಲ್ಲಿ ಒಂದು ಕಾರ್ಯಕ್ರಮದ ವೇದಿಕೆ ಮೇಲೆ, ಜನರ ಮುಂದೆಯೇ ಕೂತಿದ್ದರು. ಹ್ಯೂಸ್ಟನ್ ರಾಕೆಟ್ಸ್ ಕೊಟ್ಟದ್ದು ಜೇಲನ್ ಗ್ರೀನ್, ಡಿಲನ್ ಬ್ರೂಕ್ಸ್, ಆ ವರ್ಷದ ಡ್ರಾಫ್ಟ್‌ನ 10ನೇ ಪಿಕ್, ಮತ್ತೆ ಐದು ಎರಡನೇ ಸುತ್ತಿನ ಪಿಕ್. ಜುಲೈನಲ್ಲಿ ಅಧಿಕೃತವಾಗುವ ಹೊತ್ತಿಗೆ ಬೇರೆ ತಂಡಗಳ ವ್ಯವಹಾರಗಳೂ ಸೇರಿಕೊಂಡು ಅದು ಏಳು ತಂಡಗಳ ಟ್ರೇಡ್ ಆಯಿತು.

ಇಲ್ಲಿ ಸಂಬಳ ಹೇಗೆ ಹೊಂದಿತು ನೋಡಿ. 2025-26ಕ್ಕೆ ಡ್ಯುರಾಂಟ್ ಸಂಬಳ ಸುಮಾರು 5.47 ಕೋಟಿ ಡಾಲರ್. ಜೇಲನ್ ಗ್ರೀನ್ ಅವರದು 3.33 ಕೋಟಿ, ಬ್ರೂಕ್ಸ್ ಅವರದು 2.11 ಕೋಟಿ. ಎರಡೂ ಸೇರಿ ಸುಮಾರು 5.44 ಕೋಟಿ. ಫೀನಿಕ್ಸ್‌ಗೆ ಬಂದದ್ದು ಕಳಿಸಿದ್ದಕ್ಕಿಂತ ಕೂದಲೆಳೆಯಷ್ಟು ಕಮ್ಮಿ. ಜಾಸ್ತಿಯಾಗಿದ್ದರೆ ಟ್ರೇಡ್ ನಡೆಯುತ್ತಲೇ ಇರಲಿಲ್ಲ. ಇಬ್ಬರ ಸಂಬಳ ಕೂಡಿಸಿ ಕಳಿಸಿದ್ದು ಹ್ಯೂಸ್ಟನ್. ಅದು ಎರಡನೇ ಏಪ್ರನ್ ಕೆಳಗಿದ್ದ ತಂಡ, ಹಾಗಾಗಿ ಅದಕ್ಕೆ ತಡೆಯಿಲ್ಲ. ಫೀನಿಕ್ಸ್ ಕಳಿಸಿದ್ದು ಒಬ್ಬರನ್ನೇ, ಅದಕ್ಕೂ ತಡೆಯಿಲ್ಲ. ‘ಬ್ರೂಕ್ಸ್ ಯಾಕೆ? ಅವರ ಬದಲು ಇನ್ನೊಬ್ಬ ಎಳೆಯ ಹುಡುಗನನ್ನು ಕೇಳಬಹುದಿತ್ತಲ್ಲ’ ಅಂತ ಆಗ ತುಂಬಾ ಜನ ಕೇಳಿದರು. ಕೇಳಬಹುದಿತ್ತು, ನಿಜ. ಆದರೆ ಡ್ರಾಫ್ಟ್‌ನಿಂದ ಬಂದ ಎಳೆಯರ ಸಂಬಳ ಸಣ್ಣದು. ಜೇಲನ್ ಗ್ರೀನ್ ಜೊತೆಗೆ ಅಂಥ ಒಬ್ಬರನ್ನು ಸೇರಿಸಿದರೂ 5.47 ಕೋಟಿಯ ಹತ್ತಿರ ಬರುವುದಿಲ್ಲ. ಲೆಕ್ಕ ತುಂಬಲು 2 ಕೋಟಿಯ ಆಸುಪಾಸಿನ ಒಬ್ಬರು ಬೇಕೇ ಬೇಕಿತ್ತು.

ಆ 10ನೇ ಪಿಕ್ ಬೇರೆ ಯಾರದ್ದೂ ಅಲ್ಲ, ಸನ್ಸ್‌ನದ್ದೇ. 2023ರಲ್ಲಿ ಡ್ಯುರಾಂಟ್‌ಗಾಗಿ ಬ್ರೂಕ್ಲಿನ್‌ಗೆ ಕೊಟ್ಟಿದ್ದ 2025ರ ಪಿಕ್ ಅದು. ಅಲ್ಲಿಂದ ಹ್ಯೂಸ್ಟನ್ ಕೈಗೆ ಬಂದು, ಡ್ಯುರಾಂಟ್ ಅವರನ್ನು ಕೊಟ್ಟಾಗ ಮತ್ತೆ ಫೀನಿಕ್ಸ್‌ಗೇ ಬಂತು. ಆ ಪಿಕ್‌ನಲ್ಲಿ ಬಂದ ಹುಡುಗ ಖಮಾನ್ ಮಲುವಾಚ್.

ನನ್ನ ಪ್ರಕಾರ ಆ ಹೊತ್ತಿಗೆ ಅದಕ್ಕಿಂತ ಒಳ್ಳೆಯ ಬೆಲೆ ಸಿಗುತ್ತಿರಲಿಲ್ಲ. ಡ್ಯುರಾಂಟ್‌ಗೆ ಆಗ 36 ವರ್ಷ, ಕಾಂಟ್ರಾಕ್ಟ್‌ನಲ್ಲಿ ಉಳಿದಿದ್ದದ್ದು ಒಂದೇ ವರ್ಷ. ಅವರು ಇಷ್ಟಪಡದ ಊರಿನ ತಂಡ ತಗೊಂಡರೆ ವರ್ಷದ ಕೊನೆಗೆ ಸುಮ್ನೆ ಎದ್ದು ಹೋಗುತ್ತಾರೆ. ಅದಕ್ಕೇ ಅವರಿಗೆ ಒಪ್ಪಿಗೆಯಾಗುವ ತಂಡಗಳು ಮಾತ್ರ ಗಟ್ಟಿಯಾಗಿ ಮಾತಾಡಿದವು. ಫೆಬ್ರವರಿಯಲ್ಲೇ ಅವರನ್ನು ವಾರಿಯರ್ಸ್‌ಗೆ ಕಳಿಸುವ ಮಾತು ನಡೆದು ಮುರಿದಿತ್ತು, ಹಾಗಾಗಿ ಸನ್ಸ್ ಮಾರಲೇಬೇಕು ಅಂತ ಎಲ್ಲರಿಗೂ ಗೊತ್ತಾಗಿತ್ತು. ಮಾರಲೇಬೇಕು ಅನ್ನುವವನಿಗೆ ಬೆಲೆ ಕಟ್ಟುವವರು ಕೊಳ್ಳುವವರೇ ಅಲ್ವಾ?

ಬೀಲ್ ಅವರನ್ನು ಯಾರೂ ಕೊಳ್ಳಲೇ ಇಲ್ಲ. ಜುಲೈನಲ್ಲಿ ಸನ್ಸ್ ಅವರ ಕಾಂಟ್ರಾಕ್ಟ್ ಮುರಿದು ಬಿಡುಗಡೆ ಮಾಡಿತು, ಅವರು ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ಸೇರಿದರು. ಬೀಲ್ ತಮಗೆ ಬರಬೇಕಿದ್ದರಲ್ಲಿ ಸುಮಾರು 1.4 ಕೋಟಿ ಡಾಲರ್ ಬಿಟ್ಟುಕೊಟ್ಟರು. ಉಳಿದದ್ದನ್ನು ಸನ್ಸ್ ಐದು ವರ್ಷಕ್ಕೆ ಹಂಚಿಕೊಂಡಿತು. ವರ್ಷಕ್ಕೆ ಸುಮಾರು 1.94 ಕೋಟಿ. ಗಾಡಿ ಮಾರಿದ ಮೇಲೂ ಸಾಲದ ಕಂತು ಕಟ್ಟಿದ ಹಾಗೆ, ಇನ್ನೊಂದು ತಂಡಕ್ಕೆ ಆಡುವ ಆಟಗಾರನ ಸಂಬಳ 2029-30ರ ತನಕ ಫೀನಿಕ್ಸ್ ಲೆಕ್ಕದಲ್ಲಿರುತ್ತದೆ. ಅದಕ್ಕೆ ಪ್ರತಿಯಾಗಿ ತಂಡ ಎರಡನೇ ಏಪ್ರನ್ ಕೆಳಗೆ ಇಳಿಯಿತು, ಕೈಗೆ ಕಟ್ಟಿದ ಹಗ್ಗ ಸಡಿಲವಾಯಿತು. ನಾನು ಆ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ. ಇನ್ನೂ ಎರಡು ವರ್ಷ ಕೈಕಟ್ಟಿ ಕೂರುವುದಕ್ಕಿಂತ ಇದು ವಾಸಿ.

ಹಾಗಾಗಿ ಮುಂದಿನ ಸಲ ವಾದಕ್ಕೆ ಇಳಿದಾಗ ‘ಯಾರು ಬೇಕು’ ಅನ್ನುವುದನ್ನು ಆಮೇಲೆ ಮಾತಾಡಿ. ಮೊದಲು ನಮ್ಮ ತಂಡ ಯಾವ ಗೆರೆಯ ಮೇಲಿದೆ ನೋಡಿ. ಆಮೇಲೆ ಯಾರ ಕಾಂಟ್ರಾಕ್ಟ್ ಎಂದು ಮುಗಿಯುತ್ತದೆ ನೋಡಿ. ಸಂಬಳ ಜಾಸ್ತಿ ಇದ್ದರೂ ಮುಂದಿನ ವರ್ಷವೇ ಮುಗಿಯುವ ಕಾಂಟ್ರಾಕ್ಟ್ ಟ್ರೇಡ್‌ಗೆ ಬಹಳ ಉಪಯೋಗದ್ದು. ಸಂಬಳ 2 ಕೋಟಿ ಡಾಲರ್ ಆಸುಪಾಸು ಇರುವ ಮಧ್ಯಮ ಆಟಗಾರರನ್ನು ‘ದಂಡ’ ಅಂತ ಬೈಯುತ್ತೇವಲ್ಲ, ದೊಡ್ಡ ಟ್ರೇಡ್‌ನಲ್ಲಿ ಲೆಕ್ಕ ಹೊಂದಿಸುವವರು ಅವರೇ. ಫೀನಿಕ್ಸ್ ಕಳೆದುಕೊಂಡದ್ದೂ ಅಂಥವರನ್ನೇ. ಬ್ರಿಜಸ್ ಮತ್ತು ಜಾನ್ಸನ್ ಹೋದ ನಂತರ ಮೇಲೆ ಮೂರು ದೊಡ್ಡ ಸಂಬಳ, ಕೆಳಗೆ ಕನಿಷ್ಠ ಸಂಬಳದವರ ಸಾಲು, ನಡುವೆ ಒಬ್ಬಿಬ್ಬರು ಅಷ್ಟೇ.

ಪಿಕ್‌ಗಳ ಲೆಕ್ಕವನ್ನೂ ಹೇಳಬೇಕು, ಕೇಳಲು ಹಿತವಾಗಿಲ್ಲದಿದ್ದರೂ. 2027 ಮತ್ತು 2029ರ ಪಿಕ್ ಬ್ರೂಕ್ಲಿನ್‌ಗೆ ಕೊಟ್ಟವು. ನಡುವಿನ ವರ್ಷಗಳಲ್ಲಿ ಸ್ವಾಪ್ ಹಕ್ಕು ಬೇರೆಯವರದು. 2031ರದ್ದನ್ನು 2025ರ ಜನವರಿಯಲ್ಲಿ ಯೂಟಾಗೆ ಕೊಟ್ಟು ಕಮ್ಮಿ ಬೆಲೆಯ ಮೂರು ಮೊದಲ ಸುತ್ತಿನ ಪಿಕ್ ತಗೊಂಡರು. 2032ರದ್ದು ಏಪ್ರನ್ ಕಾರಣಕ್ಕೆ ಫ್ರೀಜ್ ಆಗಿದೆ. ಅಂದರೆ ಸನ್ಸ್ ಬೇಕಂತ ಸೋತು ಒಳ್ಳೆಯ ಪಿಕ್ ಹಿಡಿಯೋಣ ಅಂದರೂ ಲಾಭ ಬೇರೆಯವರಿಗೆ. ‘ಎಲ್ಲ ಮಾರಿ ಮೊದಲಿಂದ ಶುರು ಮಾಡಿ’ ಅನ್ನುವ ಗೆಳೆಯರಿಗೆ ಇದನ್ನು ಹೇಳಿ. ಈ ತಂಡಕ್ಕೆ ಗೆಲ್ಲಲು ನೋಡುವುದು ಬಿಟ್ಟು ಬೇರೆ ದಾರಿ ಇಲ್ಲ. ಅದಕ್ಕೇ 2025ರ ಜುಲೈನಲ್ಲಿ ಬುಕರ್ ಜೊತೆ ಇನ್ನೂ ಎರಡು ವರ್ಷಕ್ಕೆ 14.5 ಕೋಟಿಯ ಒಪ್ಪಂದ ಮಾಡಿಕೊಂಡರು. ಅದು ಜಾಸ್ತಿಯಾಯಿತು ಅನ್ನುವವರಿದ್ದಾರೆ. 2015ರಿಂದ ಇದೇ ಊರಿಗೆ ಆಡಿದ, ಬೇರೆ ಕಡೆ ಕಳಿಸಿ ಅಂತ ಒಮ್ಮೆಯೂ ಹಟ ಮಾಡದ ಆಟಗಾರನಿಗೆ ಅಷ್ಟು ಕೊಟ್ಟದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆ ಒಪ್ಪಂದ ಮುಗಿಯುವುದೂ 2029-30ಕ್ಕೇ, ಬೀಲ್ ಅವರ ಕೊನೆಯ ಕಂತು ತೀರುವ ಸೀಸನ್‌ಗೇ. ಅಲ್ಲಿಯ ತನಕ ಸನ್ಸ್ ಬಗ್ಗೆ ಯಾವ ಟ್ರೇಡ್ ಕಟ್ಟಿದರೂ ಈ ಎರಡು ಅಂಕಿಯನ್ನು ಮೊದಲು ಬರೆದುಕೊಂಡು ಕಟ್ಟಿ.