ಸೋಡಿಯಂ ಎಲೆಗೆ ಏರದಂತೆ ತಡೆಯುವ ಜೀನ್‌ಗಳು: ಗೋಧಿಯ ಉಪ್ಪು ಸಹಿಷ್ಣುತೆ ಕುರಿತ ಟಿಪ್ಪಣಿ

ಉಪ್ಪು ಸಹಿಷ್ಣುತೆ ಎಂದ ಕೂಡಲೇ ಸೋಡಿಯಂ ಸಾಗಿಸುವ ಎಸ್‌ಒಎಸ್, ಎನ್‌ಎಚ್‌ಎಕ್ಸ್, ಕೋಶ ಕಾಯುವ ಪ್ರೋಲೀನ್ ಎಂದು ಪರೀಕ್ಷೆಗೆ ಹೆಸರುಗಳ ಪಟ್ಟಿಯನ್ನೇ ಬಾಯಿಪಾಠ ಮಾಡುವವರು ಹೆಚ್ಚು. ಗೋಧಿಯ ಮಟ್ಟಿಗೆ ಅದನ್ನೆಲ್ಲ ಬದಿಗಿಟ್ಟು ಒಂದೇ ಪ್ರಶ್ನೆ ಹಿಡಿದು ಓದಿ: ಬೇರಿಗೆ ಬಂದ ಸೋಡಿಯಂನಲ್ಲಿ ಎಲೆಗೆ ತಲುಪುವುದು ಎಷ್ಟು?

ಮಣ್ಣಿನಲ್ಲಿ ಉಪ್ಪು ಏರಿದೊಡನೆ ಬೇರಿಗೆ ನೀರು ಎಳೆದುಕೊಳ್ಳುವುದು ಕಷ್ಟವಾಗಿ ಹೊಸ ಎಲೆಗಳ ಬೆಳವಣಿಗೆ ಕುಂಠಿತವಾಗುತ್ತದೆ. ಇದು ಆಸ್ಮಾಟಿಕ್ ಹಂತ, ಅಂದರೆ ನೀರಿನ ಕೊರತೆಯ ಹಂತ. ವಾರಗಳು ಕಳೆದಂತೆ ಹಳೆಯ ಎಲೆಗಳಲ್ಲಿ ಸೋಡಿಯಂ ಜಮೆಯಾಗಿ ಅವು ಬೇಗ ಒಣಗುತ್ತವೆ. ಇದು ಅಯಾನು ಹಂತ, ಅಂದರೆ ಸೋಡಿಯಂನ ವಿಷ ತಟ್ಟುವ ಹಂತ. ಮುಂದೆ ಬರುವ ಜೀನ್‌ಗಳ ಕೆಲಸವೆಲ್ಲ ಈ ಎರಡನೆಯ ಹಂತದಲ್ಲಿ.

ಚಪಾತಿ ಗೋಧಿಯಲ್ಲಿ ಎ, ಬಿ, ಡಿ ಎಂಬ ಮೂರು ಜೀನೋಮ್‌ಗಳು, ಅಂದರೆ ವರ್ಣತಂತುಗಳ ಮೂರು ಗುಂಪುಗಳು ಇವೆ. ಪಾಸ್ತಾಕ್ಕೆ ಬಳಸುವ ಗಟ್ಟಿ ಗೋಧಿಯಾದ ಡ್ಯೂರಂನಲ್ಲಿ ಎ ಮತ್ತು ಬಿ ಮಾತ್ರ. ಧಾರವಾಡ, ಬೆಳಗಾವಿ ಕಡೆಯ ಜವೆಗೋಧಿಯೂ ಈ ಎರಡೇ ಜೀನೋಮ್‌ಗಳ ಗುಂಪಿನದು. ಸೋಡಿಯಂ ತಡೆದು ಪೊಟ್ಯಾಸಿಯಂ ಉಳಿಸಿಕೊಳ್ಳುವ ಕೆಎನ್‌ಎ-1 ಎಂಬ ಗುಣನೆಲೆ (ಗುಣವನ್ನು ನಿರ್ಧರಿಸುವ ಜಾಗ) ಇರುವುದು ಡಿ ಜೀನೋಮ್‌ನ ನಾಲ್ಕನೆಯ ವರ್ಣತಂತು 4ಡಿಯ ಉದ್ದ ತೋಳಿನಲ್ಲಿ. ಡಿ ಜೀನೋಮ್ ಇಲ್ಲದ ಡ್ಯೂರಂಗೆ ಅದು ಸಿಗುವುದಿಲ್ಲ. ಡ್ಯೂರಂ ಎಲೆಯಲ್ಲಿ ಸೋಡಿಯಂ ಹೆಚ್ಚಾಗಿರುವುದಕ್ಕೆ ಮುಖ್ಯ ಕಾರಣ ಇದೇ.

ಆದರೆ ಆಸ್ಟ್ರೇಲಿಯಾದಲ್ಲಿ ರಾನಾ ಮನ್ಸ್ ಅವರ ತಂಡಕ್ಕೆ ‘ಲೈನ್ 149’ ಎಂಬ ಡ್ಯೂರಂ ಸಾಲಿನಲ್ಲಿ ಸೋಡಿಯಂ ತೀರಾ ಕಡಿಮೆ ಇರುವುದು ಕಂಡಿತು. ಹುಡುಕುತ್ತ ಹೋದರೆ ಆ ಸಾಲಿನ ವಂಶದಲ್ಲಿ ಟ್ರಿಟಿಕಂ ಮೊನೊಕಾಕಂ ಎಂಬ ಪ್ರಾಚೀನ ಗೋಧಿಯ ಸಂಕರವಿತ್ತು. ಅದರಿಂದ ಬಂದ ನೆಲೆಗಳು ಎರಡು: 2ಎ ಮೇಲಿನ ನ್ಯಾಕ್ಸ್-1, 5ಎ ಮೇಲಿನ ನ್ಯಾಕ್ಸ್-2. ಮೊದಲನೆಯದರ ಹಿಂದಿರುವುದು ಎಚ್‌ಕೆಟಿ1;4 ಜೀನ್, ಎರಡನೆಯದರ ಹಿಂದೆ ಎಚ್‌ಕೆಟಿ1;5. ಕೆಎನ್‌ಎ-1 ಕೂಡ ಎಚ್‌ಕೆಟಿ1;5ರದ್ದೇ ಡಿ ಜೀನೋಮ್ ಪ್ರತಿ. ಇಷ್ಟು ಗೊತ್ತಾದರೆ ಮೂರು ಬೇರೆ ಬೇರೆ ಹೆಸರುಗಳು ಒಂದೇ ಕುಟುಂಬಕ್ಕೆ ಬಂದು ಸೇರುತ್ತವೆ.

ಎಚ್‌ಕೆಟಿ1;5 ಪ್ರೋಟೀನ್ ಕೂರುವುದು ಬೇರಿನ ಕ್ಸೈಲಂ (ನೀರನ್ನು ಮೇಲಕ್ಕೆ ಒಯ್ಯುವ ನಾಳ) ಸುತ್ತಲಿನ ಕೋಶಗಳ ಪೊರೆಯಲ್ಲಿ. ಮೇಲಕ್ಕೆ ಹೊರಟ ರಸದಿಂದ ಸೋಡಿಯಂ ಅನ್ನು ಅದು ಮತ್ತೆ ಕೋಶದೊಳಕ್ಕೆ ಎಳೆದುಕೊಳ್ಳುತ್ತದೆ, ಬಸ್ಸು ಹೊರಡುವ ಮೊದಲೇ ಟಿಕೆಟ್ ಇಲ್ಲದವರನ್ನು ಕಂಡಕ್ಟರ್ ಇಳಿಸಿದ ಹಾಗೆ. ಇದನ್ನು ಸಾಬೀತು ಮಾಡಿದ ರೀತಿ ನನಗೆ ಬಹಳ ಇಷ್ಟ. ಗೋಧಿಯ ಜೀನ್‌ನ ಆರ್‌ಎನ್‌ಎಯನ್ನು ಕಪ್ಪೆಯ ಅಂಡಕೋಶಕ್ಕೆ ಚುಚ್ಚಿ, ಪೊರೆಯ ಮೂಲಕ ಹರಿಯುವ ವಿದ್ಯುತ್ತನ್ನು ಅಳೆದರು. ಹರಿದದ್ದು ಸೋಡಿಯಂ. ನ್ಯಾಕ್ಸ್-1 ಇನ್ನೂ ಒಂದು ಹೆಜ್ಜೆ ಮುಂದೆ. ಬೇರಿನಲ್ಲಿ ತಪ್ಪಿಸಿಕೊಂಡ ಸೋಡಿಯಂ ಅನ್ನು ಎಲೆಯ ಬುಡದ ಕವಚದಲ್ಲೇ ಹಿಡಿದಿಡುತ್ತದೆ. ಹಾಗಾಗಿ ಕವಚದಲ್ಲಿ ಹೆಚ್ಚು, ಎಲೆಯ ಹಾಳೆಯಲ್ಲಿ ಕಡಿಮೆ ಕಂಡರೆ ನ್ಯಾಕ್ಸ್-1 ಅನ್ನು ನೆನೆಯಿರಿ.

2012ರಲ್ಲಿ ಬಂದ ಹೊಲದ ಫಲಿತಾಂಶ ಪರೀಕ್ಷೆಗೆ ಬೇಕಾದದ್ದು. ‘ತಮರೊಯ್’ ಎಂಬ ಡ್ಯೂರಂ ತಳಿಗೆ ನ್ಯಾಕ್ಸ್-2 ಸೇರಿಸಿದಾಗ ಉಪ್ಪಿನ ಮಣ್ಣಿನಲ್ಲಿ ಕಾಳಿನ ಇಳುವರಿ 25% ಹೆಚ್ಚಿತು. ಇದು ಕುಲಾಂತರಿ ಅಲ್ಲ. ಸಾಮಾನ್ಯ ಸಂಕರಣ, ಜೊತೆಗೆ ಡಿಎನ್‌ಎ ಗುರುತು ನೋಡಿ ಗಿಡ ಆರಿಸುವ ಮಾರ್ಕರ್ ಆಯ್ಕೆ, ಅಷ್ಟೇ. ಒಂದು ವರ್ಷ ಮೊದಲು ಚಪಾತಿ ಗೋಧಿಗೂ ನ್ಯಾಕ್ಸ್-1, ನ್ಯಾಕ್ಸ್-2 ಎರಡನ್ನೂ ಸೇರಿಸಿ ನೋಡಿದ್ದರು. ಎಲೆಯ ಸೋಡಿಯಂ ನ್ಯಾಕ್ಸ್-1ರಿಂದ 50%, ನ್ಯಾಕ್ಸ್-2ರಿಂದ 30%, ಎರಡೂ ಇದ್ದರೆ 60% ಇಳಿಯಿತು. 50ಕ್ಕೆ 30 ಕೂಡಿಸಿ 80 ಎಂದು ಬರೆದು ಅಂಕ ಕಳೆದುಕೊಳ್ಳಬೇಡಿ.

ನಿಯಂತ್ರಣ ಎಂಬ ಮಾತಿಗೆ ಅರ್ಥ ಬರುವುದು ಇಲ್ಲಿ: ಜೀನ್ ಇದ್ದರೆ ಸಾಲದು, ಅದು ಯಾವ ಕೋಶದಲ್ಲಿ ಚಾಲೂ ಇದೆ ಎಂಬುದೂ ಮುಖ್ಯ. ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಸುವ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಇದೇ ಕುಟುಂಬದ ಜೀನನ್ನು ಬೇರಿನ ನಡುಭಾಗದಲ್ಲಿ ಮಾತ್ರ ಹೆಚ್ಚಿಸಿದಾಗ ಕಾಂಡ, ಎಲೆಗಳ ಸೋಡಿಯಂ ಇಳಿಯಿತು. ಇಡೀ ಗಿಡದಲ್ಲಿ ಹೆಚ್ಚಿಸಿದಾಗ ಏರಿತು.

ನ್ಯಾಕ್ಸ್ ನೆಲೆಗಳೆರಡರಿಂದಲೇ ಎಲ್ಲ ಮುಗಿಯಿತು ಎನ್ನುವಂತಿಲ್ಲ. ರಾಜಸ್ಥಾನದ ಪಾಲಿ ಸೀಮೆಯ ಹಳೆಯ ‘ಖಾರ್ಚಿಯಾ’ ಗೋಧಿಯ ತಾಳಿಕೆ ಒಂದೇ ಜೀನ್‌ನಿಂದ ಬಂದದ್ದಲ್ಲ. ಕರ್ನಾಲ್‌ನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಖಾರ್ಚಿಯಾ 65 ಅನ್ನು ಡಬ್ಲ್ಯುಎಲ್ 711 ಜೊತೆ ಸಂಕರಿಸಿ ಕೆಆರ್‌ಎಲ್ 1-4 ತಳಿ ತಂದಿತು. ಕಾಲುವೆ ಸೀಮೆಯ ಹೊಲಗಳಲ್ಲಂತೂ ಸವಳು (ಉಪ್ಪು), ಜವಳು (ನೀರು ನಿಲ್ಲುವುದು) ಒಟ್ಟಿಗೇ ಬರುತ್ತವೆ. ನೀರು ನಿಂತು ಬೇರಿಗೆ ಆಮ್ಲಜನಕ ಸಿಗದಿದ್ದರೆ ಸೋಡಿಯಂ ತಡೆಯುವ ಶಕ್ತಿಯೂ ಕುಗ್ಗುತ್ತದೆ. 2011ರ ಆ ಚಪಾತಿ ಗೋಧಿ ಪ್ರಯೋಗದಲ್ಲಿ ಉಪ್ಪಿನ ಜೊತೆಗೆ ನೀರನ್ನೂ ನಿಲ್ಲಿಸಿ ಪರೀಕ್ಷಿಸಿದ್ದು ಅದಕ್ಕೇ. ಅಲ್ಲಿಯೂ ನ್ಯಾಕ್ಸ್ ಇರುವ ಗಿಡಗಳ ಎಲೆಯಲ್ಲಿ ಸೋಡಿಯಂ ಕಡಿಮೆಯೇ ಇತ್ತು.