ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಂಡ್ರೆ ಬೇಗ ಮಕ್ಕಳಾಗುತ್ತಾ?

ಪ್ರಶ್ನೆ: ವಯಸ್ಸು 34. ಮದುವೆಯಾಗಿ ಮೂರು ವರ್ಷ, ಮಕ್ಕಳಿಲ್ಲ. ಸುಸ್ತು, ಆಸಕ್ತಿಯೂ ಕಡಿಮೆ. ಗಂಡಸರ ಹಾರ್ಮೋನು ಟೆಸ್ಟೋಸ್ಟೆರಾನ್ 260 ಬಂದಿದೆ. ಇಂಜೆಕ್ಷನ್ ತಗೋ, ಎರಡೂ ಸರಿಹೋಗುತ್ತೆ ಅಂತ ಜಿಮ್ ಗೆಳೆಯರು ಹೇಳ್ತಾರೆ. ತಗೊಳ್ಳಲಾ ಡಾಕ್ಟ್ರೇ?
– ಓದುಗ, ಬೇಲೂರು

ಬೇಡ. ಸಕಲೇಶಪುರದವರು ಕೇಳಿದಾಗಲೂ, ಮೂಡಿಗೆರೆಯವರು ಕೇಳಿದಾಗಲೂ ಇದನ್ನೇ ಬರೆದಿದ್ದೆ. ಈ ಸಲವಾದರೂ ಆ ಜಿಮ್ ಗೆಳೆಯರಿಗೂ ಓದಿಸಿ.

ದಿನಾ ಹೊರಗಿನಿಂದ ಊಟದ ಕ್ಯಾರಿಯರ್ ಬರ್ತಿದ್ರೆ ಮನೆಯಲ್ಲಿ ಒಲೆ ಹಚ್ಚುವವರು ಯಾರು? ಇಂಜೆಕ್ಷನ್ ಮಾಡುವುದೂ ಅದನ್ನೇ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಬೇಕಾದಷ್ಟಿದೆ ಅಂತ ಮೆದುಳಿಗೆ ಗೊತ್ತಾದರೆ, ಅದರ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಕೊಡುವ ಆಜ್ಞೆ ನಿಲ್ಲಿಸುತ್ತದೆ. ವೀರ್ಯಾಣು ಬೆಳೆಯಲು ವೃಷಣದ ಒಳಗೆ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಟೆಸ್ಟೋಸ್ಟೆರಾನ್ ಇರಬೇಕು. ಸೂಜಿಯಲ್ಲಿ ಬಂದದ್ದು ಆ ಮಟ್ಟ ಮುಟ್ಟುವುದಿಲ್ಲ. ರಿಪೋರ್ಟ್ ಚೆನ್ನಾಗಿ ಕಾಣುತ್ತೆ, ಒಲೆ ಆರಿರುತ್ತೆ.

ಇದು ನನ್ನ ಊಹೆಯಲ್ಲ. ಗಂಡಸರಿಗೆ ಗರ್ಭನಿರೋಧಕವಾಗಿ ಇದೇ ಇಂಜೆಕ್ಷನ್ ಆಗಬಹುದಾ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಪರೀಕ್ಷಿಸಿತ್ತು. ಫಲಿತಾಂಶ ಬಂದದ್ದು 1990ರಲ್ಲಿ. ಆರೋಗ್ಯವಂತ 271 ಗಂಡಸರಿಗೆ ವಾರಕ್ಕೆ 200 ಮಿಲಿಗ್ರಾಂ ಕೊಟ್ಟರು. 157 ಜನರ ವೀರ್ಯದಲ್ಲಿ ಒಂದೇ ಒಂದು ವೀರ್ಯಾಣು ಉಳಿಯಲಿಲ್ಲ. ಮಗು ಬೇಕು ಅಂತ ನೀವು ಹಾಕಿಸಿಕೊಳ್ಳಲು ಹೊರಟಿರುವುದು ಇದನ್ನ! ನಿಲ್ಲಿಸಿದರೆ ಸಾಮಾನ್ಯವಾಗಿ ಮರಳಿ ಬರುತ್ತವೆ, ಆದರೆ ತಿಂಗಳುಗಟ್ಟಲೆ ಕಾಯಬೇಕು, ಕೆಲವರಿಗೆ ವರ್ಷ ದಾಟುತ್ತದೆ.

ಹಾಗಾದರೆ ಏನು ದಾರಿ? ಮೊದಲು ನೀವು ಕಳಿಸಿದ ರಿಪೋರ್ಟ್ ನೋಡಿ. ರಕ್ತ ಕೊಟ್ಟ ಸಮಯ ಮಧ್ಯಾಹ್ನ 3.40! ಈ ಹಾರ್ಮೋನು ಬೆಳಿಗ್ಗೆ ಜಾಸ್ತಿ, ಆಮೇಲೆ ಇಳಿಯುತ್ತೆ. ಬೆಳಿಗ್ಗೆ 10ರೊಳಗೆ, ಕಾಫಿ ತಿಂಡಿಗೂ ಮೊದಲು, ಬೇರೆ ಬೇರೆ ದಿನ ಎರಡು ಸಲ ಕೊಡಿ. ಎರಡರಲ್ಲೂ 300ಕ್ಕಿಂತ ಕಡಿಮೆ ಇದ್ದರೆ ಎಲ್‌ಎಚ್, ಪ್ರೊಲ್ಯಾಕ್ಟಿನ್ (ಎರಡೂ ಪಿಟ್ಯುಟರಿಯ ಹಾರ್ಮೋನುಗಳು), ಸಕ್ಕರೆ, ವೀರ್ಯ ಪರೀಕ್ಷೆ. ಹೊಟ್ಟೆ ಬಂದಿದ್ದರೆ, ಜೋರು ಗೊರಕೆ ಇದ್ದರೆ ಅದನ್ನೂ ಹೇಳಿ. ತೂಕ ಇಳಿಸಿಯೇ ಹಾರ್ಮೋನು ಏರಿಸಿಕೊಂಡವರಿದ್ದಾರೆ.

ಮಕ್ಕಳು ಬೇಕಿದ್ದವರಿಗೆ ಕ್ಲೋಮಿಫೀನ್ ಮಾತ್ರೆ ಅಥವಾ ಎಚ್‌ಸಿಜಿ ಇಂಜೆಕ್ಷನ್. ಇವು ಮನೆಯ ಒಲೆಯನ್ನೇ ಹಚ್ಚುತ್ತವೆ. ಮೆಡಿಕಲ್‌ನವನು "ಇದು ಹೆಂಗಸರ ಮಾತ್ರೆ ಅಲ್ವಾ ಸಾರ್" ಅಂದರೆ ಗಾಬರಿ ಬೇಡ, ಕ್ಲೋಮಿಫೀನ್ ಗಂಡಸರಿಗೂ ಕೊಡುತ್ತಾರೆ.

ಮಕ್ಕಳು ಸಾಕು ಅನ್ನುವವರಿಗೆ ಟೆಸ್ಟೋಸ್ಟೆರಾನ್ ಜೆಲ್, ಇಂಜೆಕ್ಷನ್ ಎರಡೂ ಇವೆ. ಆದರೆ ರಕ್ತ ದಪ್ಪವಾಗುತ್ತಿದೆಯಾ, ಪ್ರಾಸ್ಟೇಟ್ ಹೇಗಿದೆ ಅಂತ ಆಗಾಗ ನೋಡಿಸಬೇಕು.

ನೀವು ಕೇಳಲಿಲ್ಲ, ಆದರೂ ಜೆಲ್ ಅಂದ ಮೇಲೆ ಹೇಳಲೇಬೇಕು. ಭುಜಕ್ಕೆ ಜೆಲ್ ಹಚ್ಚಿಕೊಂಡು, ಬನಿಯನ್ ಕೂಡ ಹಾಕದೆ ಮಗುವನ್ನು ಎತ್ತಿಕೊಳ್ಳುವವರಿದ್ದಾರೆ. ಮೈಗೆ ಮೈ ತಾಗಿದರೆ ಔಷಧ ಮಗುವಿಗೂ ಹತ್ತುತ್ತದೆ. ಹೀಗೆ ಪುಟ್ಟ ಮಕ್ಕಳಿಗೆ ಗುಪ್ತಾಂಗದ ಕೂದಲು ಬಂದದ್ದುಂಟು. ಅದಕ್ಕೇ 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಜೆಲ್ ಪೊಟ್ಟಣದ ಮೇಲೆ ಎಚ್ಚರಿಕೆ ಹಾಕಿಸಿತು. ಹಚ್ಚಿದ ಮೇಲೆ ಸೋಪಿನಲ್ಲಿ ಕೈ ತೊಳೆದು, ಜೆಲ್ ಒಣಗಿದ ಮೇಲೆ ತೋಳು ಮುಚ್ಚುವ ಅಂಗಿ ಹಾಕಿ, ಆಮೇಲೆ ಎತ್ತಿಕೊಳ್ಳಿ.